ಬಿಸಿ ಬೆಲ್ಲ ಎತ್ತಿಟ್ಟವನು

ಕೋರ್ಟಿನಿಂದ ಕರೆ ಬಂದಾಗ ನನಗೆ ಎಪ್ಪತ್ತೊಂದು. ಇದಾಗಿ ಮೂರು ವರ್ಷ.

ನಾನು ಹುಡುಗಿಯಾಗಿದ್ದಾಗ, ಕೂಲಿ ಜಾಸ್ತಿ ಕೇಳಿದೆವೆಂದು ದುದ್ದದ ಹತ್ತಿರದ ನಮ್ಮ ಕೇರಿಗೆ ಊರಿನವರು ಹಾಡಹಗಲೇ ಬೆಂಕಿ ಇಟ್ಟರು. ಎಲ್ಲ ಸೋಗೆ ಮನೆಗಳು. ನಾನು ಹುಲ್ಲಿನ ಹೊರೆ ಹೊತ್ತು ಕಾಲುವೆ ಏರಿ ಮೇಲೆ ಬರುತ್ತಿದ್ದೆ. ನಮ್ಮ ಮನೆಗೆ ಹೊರಗಿನಿಂದ ಚಿಲಕ ಹಾಕಿದವನನ್ನು ಕಣ್ಣಾರೆ ಕಂಡೆ. ಆಲೆಮನೆಯಲ್ಲಿ ಬೆಲ್ಲ ಇಳಿಸುತ್ತಿದ್ದವನು. ಓಡಿ ಬರುವಷ್ಟರಲ್ಲಿ ಸೋಗೆ ಕುಸಿದಿತ್ತು. ಒಳಗೆ ನನ್ನ ತಂಗಿ ಇದ್ದಳು.

ಜಾಮೀನಿನ ಮೇಲೆ ಹೊರಬಂದವನು ಕಣ್ಮರೆಯಾದ. ಎಷ್ಟೋ ವರ್ಷಗಳ ಮೇಲೆ ಮಳವಳ್ಳಿಯಲ್ಲಿ ತನ್ನ ಮಗಳ ಮನೆಯಲ್ಲಿ ಪೊಲೀಸರಿಗೆ ಸಿಕ್ಕಾಗ ಬಾಯಲ್ಲಿ ಒಂದೂ ಹಲ್ಲಿಲ್ಲ. ಕಂಡವರಲ್ಲಿ ಬದುಕಿದ್ದವಳು ನಾನೊಬ್ಬಳೇ.

ಮಂಡ್ಯದ ಕೋರ್ಟಿಗೆ ಹೊರಟಾಗ ಪಕ್ಕದ ಮನೆಯವಳು, "ಬುಡವ್ವ, ಇವತ್ತೋ ನಾಳೆನೋ ಸಾಯೋ ಮುದ್ಕ" ಅಂದಳು.

"ಸಾಯ್ಲಿ ಕಣೇ. ಒಪ್ಕಂಡು ಸಾಯ್ಲಿ."

ಅವನನ್ನು ಗಾಲಿಕುರ್ಚಿಯಲ್ಲಿ ತಂದರು. ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದ ಅವನ ವಕೀಲ. ನಾಟಕ ಅಂದುಕೊಂಡೆ. ಗುರುತು ಹಿಡಿಯಲು ಹತ್ತಿರ ಕರೆದರು. ನಾನು ಬಾಯಿ ತೆರೆಯುವ ಮೊದಲೇ ಅವನ ಮುಖ ಅರಳಿತು.

"ಏನವ್ವಾ, ಒಬ್ಳೇ ಬಂದ್ಬುಟ್ಟೆ? ನಿನ್ ತಂಗಿ ಎಲ್ಲಿ? ಬಿಸಿ ಬೆಲ್ಲ ಎತ್ತಿಟ್ಟಿವ್ನಿ, ಬರಕ್ಕೇಳು."

ನಾಟಕವಲ್ಲ. ಅವನ ಪಾಲಿಗೆ ಆ ಬೆಂಕಿ ಇನ್ನೂ ಬಿದ್ದೇ ಇರಲಿಲ್ಲ.

"ಅಯ್ಯೋ ಪಾಪಿ, ನೀನೇ..." ಅನ್ನುವಷ್ಟರಲ್ಲಿ ಜಡ್ಜಮ್ಮ ತಡೆದರು. "ಅವರ ಜೊತೆ ಮಾತಾಡಬೇಡಿ ಅಮ್ಮ. ಗುರುತು ಮಾತ್ರ ಹೇಳಿ."

"ಇವ್ನೇ ಕಣ್ ತಾಯಿ."

ಬರೆದುಕೊಂಡರು. ಆಮೇಲೆ ವಿಚಾರಣೆ ನಿಲ್ಲಿಸಿದರು. ಅವನಿಗೆ ಬುದ್ಧಿ ಬರುವ ತನಕ ಕೇಸು ನಡೆಯುವುದಿಲ್ಲವಂತೆ.

"ಅದ್ಯಾವಾಗ ಬತ್ತದೆ ಸ್ವಾಮಿ?" ಎಂದು ಸರ್ಕಾರಿ ವಕೀಲರನ್ನು ಕೇಳಿದೆ. ಅವರು ಮುಂದಿನ ಕೇಸಿನ ಫೈಲು ತೆಗೆದರು.

ಹೊರಗೆ ಅವನ ಮಗಳು ಅಪ್ಪನನ್ನು ಆಟೋಗೆ ಹತ್ತಿಸುತ್ತಿದ್ದಳು. ಅವನು ಇನ್ನೂ ನನ್ನ ಹಿಂದೆ ಮುಂದೆ ನೋಡುತ್ತ ತಂಗಿಯನ್ನು ಹುಡುಕುತ್ತಿದ್ದ.

ಮನೆಗೆ ಬಂದು ಮುದ್ದೆಗೆ ಎಸರಿಟ್ಟೆ. ಹಿಟ್ಟು ಹಾಕದೆ ಒಲೆ ಆರಿಸಿದೆ. ಅವನು ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಮಂಡ್ಯ, ಅಲ್ಲಿಂದ ಮಳವಳ್ಳಿ. ಮಗಳು ಬಾಗಿಲಿಗೆ ಅಡ್ಡ ನಿಂತಳು. ಅವಳನ್ನು ಸರಿಸಿ ಒಳಗೆ ಹೋದೆ. ಅವನ ಎದುರು ನೆಲದ ಮೇಲೆ ಕೂತು, "ಅವ್ಳು ಸುಟ್ಟೋದ್ಲು. ಚಿಲ್ಕ ಆಕ್ದೋನು ನೀನೇ" ಅಂದೆ.

ಅವನು ಮಗುವಿನ ಹಾಗೆ ಅತ್ತ. ಸ್ವಲ್ಪ ಹೊತ್ತು ಬಿಟ್ಟು ಕಣ್ಣೊರೆಸಿಕೊಂಡು, "ನಿನ್ ತಂಗಿ ಎಲ್ಲವ್ವಾ?" ಅಂದ.

ಮತ್ತೆ ಹೇಳಿದೆ.