ನಿಧಾನಕ್ಕೆ ತಿರುಗುವ ಮೀರಾಸಾಬ ಕಾಕಾ

ದೇವಿಕೊಪ್ಪದಲ್ಲಿ ನಮ್ಮ ಬಾಜು ಮನೆಯ ಮೀರಾಸಾಬ ಕಾಕಾ ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಈಗ ಮಗಳು ಅತಿಯಾಳ ಕಂಪ್ಯೂಟರಿನಲ್ಲಿ ಅಂತರಿಕ್ಷ ನೌಕೆ ಕಟ್ಟಿ ಓಡಿಸುವ ಆಟ ಆಡುತ್ತಾರೆ. ಕಟ್ಟಿದರೆ ಊರಷ್ಟು ದೊಡ್ಡ ನೌಕೆಯನ್ನೇ ಕಟ್ಟಬೇಕು. ಕೂರುವ ಮುನ್ನ ಪರದೆಯನ್ನು ಬಸ್ಸಿನ ಗಾಜಿನಂತೆ ಒರೆಸುತ್ತಾರೆ, ಕಾಲಿನಿಂದ ಇಲ್ಲದ ಬ್ರೇಕು ತುಳಿಯುತ್ತಾರೆ, ತಿರುಗಿಸುವಾಗ ತಾವೂ ವಾಲುತ್ತಾರೆ. ನೌಕೆ ಅರ್ಧ ಸುತ್ತು ತಿರುಗುವಷ್ಟರಲ್ಲಿ ಹೆಂಡತಿ ರಜಿಯಾಬಿ ತಂದಿಟ್ಟ ಚಹಾ ಆರಿಹೋಗಿರುತ್ತದೆ. "ಅಬ್ಬಾ, ಅಲ್ಲಿ ರಸ್ತೇನ ಇಲ್ಲ, ಒಮ್ಮೆಲೆ ತಿರಗಸ್ರಿ," ಎನ್ನುತ್ತಾಳೆ ಅತಿಯಾ. "ಇಷ್ಟ ದೊಡ್ಡ ಗಾಡಿ ನೊಣದ್ಹಂಗ ತಿರಗತೈತೇನಬೇ? ಒಳಗ ನಿಂತ ಮಂದಿ ಗತಿ ಏನು?" "ಒಳಗ ಯಾರೂ ಇಲ್ಲರಿ!" ಎಂದು ಆಕೆ ನಗುತ್ತಾಳೆ. ಕಳೆದ ವಾರ ಆಕೆಯೇ ನೌಕೆಯನ್ನು ಗಿರ್ರನೆ ತಿರುಗಿಸಿದಾಗ ಕಾಕಾ ಕಣ್ಣು ಮುಚ್ಚಿಕೊಂಡರು. ಕೆಲಸಕ್ಕೆ ಸೇರಿದ ವರ್ಷ ಅವರು ಹಾಗೆಯೇ ಬಸ್ಸು ತಿರುಗಿಸಿದ್ದರಂತೆ. ಒಳಗೆ ನಿಂತಿದ್ದ ಮುದುಕಿಯೊಬ್ಬಳು ಬಿದ್ದು ಸೊಂಟ ಮುರಿದುಕೊಂಡಿದ್ದಳಂತೆ. ಮನೆಯವರಿಗೆ ಅದನ್ನು ಹೇಳಿದ್ದು ಅಂದೇ ಮೊದಲು. ಈಗ ಅತಿಯಾ ಕೂಡ ನಿಧಾನಕ್ಕೆ ತಿರುಗಿಸುತ್ತಾಳೆ, ತಿರುಗಿಸುವ ಮೊದಲು ಪರದೆಯತ್ತ ಬಾಗಿ, "ಹಿಡಕೊಂಡ ನಿಂದರ್ರಿ!" ಎಂದು ಕೂಗುತ್ತಾಳೆ.