ಇಳಿಜಾರಿರುವ ಮನೆಗಳಿಗೆ ಮಾತ್ರ

ನಮ್ಮ ವ್ಯಾನಿನ ಬಗ್ಗೆ ಹೇಳಬಹುದಾದ ಒಳ್ಳೆಯ ಮಾತು ಒಂದೇ ಒಂದಿದೆ. ಅದನ್ನು ಮೊದಲೇ ಹೇಳಿ ಕೈತೊಳೆದುಕೊಳ್ಳುತ್ತೇನೆ. ಹಾರನ್ ಚೆನ್ನಾಗಿತ್ತು. ಮಿಕ್ಕಿದ್ದೆಲ್ಲ ದರಿದ್ರ.

ಅದು ಏಳು ಜನ ಕೂರುವ, ಪಕ್ಕದ ಬಾಗಿಲನ್ನು ಜಾರಿಸಿ ತೆಗೆಯುವ, ಡ್ರೈವರ್ ಸೀಟಿನ ಕೆಳಗೇ ಎಂಜಿನ್ ಇಟ್ಟುಕೊಂಡ ಹಳೆಯ ವ್ಯಾನು. ಕೊಂಡದ್ದು ನನ್ನ ಅಕ್ಕನಿಗಾಗಿ. ಅಕ್ಕ, ಭಾವ ಹಿರಿಯೂರಿನ ಹೊರಗೆ ಒಂದು ಬಡಾವಣೆಯಲ್ಲಿದ್ದಾರೆ. ಅಕ್ಕನಿಗೆ ಎರಡೂ ಮಂಡಿ ಹೋಗಿವೆ. ಬಸ್ಸಿನ ಮೆಟ್ಟಿಲಿಗೆ ಕಾಲೆತ್ತಿಡಲು ಆಗುವುದಿಲ್ಲ, ಕಾರಿನಲ್ಲಿ ಬಗ್ಗಿ ಕೂತರೆ ಏಳಲು ಆಗುವುದಿಲ್ಲ. ಚಿತ್ರದುರ್ಗದ ಕೋಟೆ ಕಡೆಯ ಬೀದಿಯಲ್ಲಿ ನಾನೀಗ ಇರುವ ಮನೆಯಲ್ಲೇ ನಾವಿಬ್ಬರೂ ಹುಟ್ಟಿದ್ದು. ಆ ಮನೆಗೆ ಅವಳು ಬಂದು ಎರಡು ವರ್ಷವಾಗಿತ್ತು. ಫೋನ್ ಮಾಡಿದಾಗೆಲ್ಲ, "ಒಂದ್ಸಲ ಬಂದು ಆ ಜಗಲಿ ಮ್ಯಾಲೆ ಕುಂತು ಎದ್ದು ಬಂದ್ರೆ ಸಾಕಪ್ಪ" ಅನ್ನುತ್ತಿದ್ದಳು. ವ್ಯಾನಿನ ನೆಲ ತಗ್ಗು, ಬಾಗಿಲು ಅಗಲ. ಬೆನ್ನು ಒಳಗೆ ಮಾಡಿ ಸೀಟಿನ ಮೇಲೆ ಕೂತು, ಆಮೇಲೆ ಕಾಲನ್ನು ಎಳೆದುಕೊಂಡರೆ ಮುಗಿಯಿತು. ಹೀಗೆ ಯೋಚಿಸಿ, ಮಹಾ ಜಾಣನ ಹಾಗೆ ನಾನು ಹೊಳಲ್ಕೆರೆಗೆ ಹೋದೆ.

ಮಾರಿದವನು ಹಲ್ಲು ಕಿರಿಯುವುದನ್ನೇ ಕಸುಬು ಮಾಡಿಕೊಂಡ ಒಬ್ಬ ದಲ್ಲಾಳಿ. ನಾನೂ ನನ್ನ ಹೆಂಡತಿಯೂ ಹೋಗುವಷ್ಟರಲ್ಲಿ ವ್ಯಾನು ಅವನ ಮನೆ ಪಕ್ಕದ ದಿಬ್ಬದ ಮೇಲೆ ನಿಂತಿತ್ತು. ಎಂಜಿನ್ ಓಡುತ್ತಲೇ ಇತ್ತು.

"ನೀವು ಬರ್ತೀರಿ ಅಂತ ಬಿಸಿ ಮಾಡಿಟ್ಟೀನಿ ಸಾರ್. ಕುಂತ್ಕಳ್ರಿ, ಒಂದು ರೌಂಡ್ ಹೋಗಾಣ. ಫ್ಯಾಮಿಲಿ ಗಾಡಿ. ಹೊರಕೆರೆದೇವಪುರದ ದೇವಸ್ಥಾನಕ್ಕೆ ಬಿಟ್ರೆ ಇನ್ನೆಲ್ಲಿಗೂ ಹೋಗಿಲ್ಲ."

ಹೆಂಡತಿ ನನ್ನ ಕಿವಿಯಲ್ಲಿ, "ಒಂದ್ಸಲ ಆಫ್ ಮಾಡಿ ಮತ್ತೆ ಆನ್ ಮಾಡಕ್ಕೆ ಹೇಳ್ರಿ" ಅಂದಳು. ನಾನು ಅವಳತ್ತ ತಿರುಗಿ ನೋಡಿದ ನೋಟಕ್ಕೆ ಅವಳು ಮತ್ತೆ ಬಾಯಿ ಬಿಡಲಿಲ್ಲ. ಮೂವತ್ತು ವರ್ಷ ಸರ್ವೆಯರ್ ಆಗಿದ್ದವನು ನಾನು. ಈ ಜಿಲ್ಲೆಯಲ್ಲಿ ನನ್ನ ಅಳತೆ ಸರಪಳಿ ಬೀಳದ ಊರು ಕಡಿಮೆ. ಗಡಿಕಲ್ಲು ಸರಿಸಿ ಪಕ್ಕದವನ ಗುಂಟೆ ನುಂಗಿದವರನ್ನು ನಿಂತ ನಿಲುವಿನಲ್ಲಿ ಹಿಡಿದವನು. ಇಂಥ ನನ್ನ ಕಣ್ಣಿಗೆ ಈ ದಲ್ಲಾಳಿ ಮಣ್ಣೆರಚುತ್ತಾನೆಯೇ? ಎರಚಿದ. ನೆಲ ಎತ್ತ ಇಳಿದಿದೆ, ಎಷ್ಟು ಇಳಿದಿದೆ ಎಂದು ಕಣ್ಣಳತೆಯಲ್ಲೇ ಹೇಳುವ ನನಗೆ, ಅವನು ಗಾಡಿಯನ್ನು ದಿಬ್ಬದ ಮೇಲೇ ಯಾಕೆ ನಿಲ್ಲಿಸಿದ್ದಾನೆ ಎಂಬುದು ಹೊಳೆಯಲಿಲ್ಲ.

ಮಾರನೆಯ ಬೆಳಿಗ್ಗೆ ನಮ್ಮ ಮನೆ ಮುಂದೆ ಕೀ ತಿರುಗಿಸಿದೆ. ಟಕ್ ಎಂದಿತು. ಮತ್ತೆ ತಿರುಗಿಸಿದೆ. ಮತ್ತೆ ಟಕ್. ಜಗಲಿಯ ಮೇಲೆ ಆರತಿ ತಟ್ಟೆ ಹಿಡಿದು ನಿಂತಿದ್ದ ಹೆಂಡತಿ ಕರ್ಪೂರ ಆರುವವರೆಗೂ ಕಾದು ಒಳಗೆ ಹೋದಳು.

ಉಳಿದ ಗುಣಗಳು ಆ ವಾರದಲ್ಲೇ ಒಂದೊಂದಾಗಿ ಹೊರಬಿದ್ದವು. ಏರು ಹತ್ತುವಾಗ ಪಕ್ಕದ ಬಾಗಿಲು ತಾನೇ ಹಿಂದಕ್ಕೆ ಜಾರಿ ತೆಗೆದುಕೊಳ್ಳುತ್ತಿತ್ತು. ನಿಲ್ಲಿಸಿ ತೆಗೆಯಹೋದರೆ ಇಬ್ಬರು ಎಳೆಯಬೇಕು. ಎಂಜಿನ್ ಕಾವಿಗೆ ನನ್ನ ಸೀಟು ರೊಟ್ಟಿ ಹಂಚಿನಂತಾಗುತ್ತಿತ್ತು. ಮೊದಲ ಮಳೆ ಬಿದ್ದ ದಿನ ಒಳಗೆಲ್ಲ ಕುರಿಹಟ್ಟಿಯ ವಾಸನೆ ಎದ್ದಿತು. ಮ್ಯಾಟ್ ಕಿತ್ತು ನೋಡಿದರೆ ಕೆಳಗೆ ಒಣಗಿದ ಹಿಕ್ಕೆ, ಉಣ್ಣೆಯ ಎಳೆ. "ದೇವಸ್ಥಾನಕ್ಕೆ ಹೋಗಿದ್ದು ಯಾರು ಅಂತ ಗೊತ್ತಾಯ್ತಲ್ಲ" ಎಂದಳು ಹೆಂಡತಿ. ನಾನು ಸಿಟ್ಟಿನಿಂದ ದಲ್ಲಾಳಿಗೆ ಫೋನ್ ಮಾಡಿದೆ. ಆ ಪುಣ್ಯಾತ್ಮ ಒಂದು ಚೂರೂ ತಡವರಿಸಲಿಲ್ಲ. "ಅವೂ ದೇವರಿಗೇ ಬಿಟ್ಟಿದ್ದ ಕುರಿ ಸಾರ್" ಅಂದ.

ನಮ್ಮ ಮೆಕ್ಯಾನಿಕ್ ಗಾಡಿಯ ಕೆಳಗೆ ನುಗ್ಗಿ ನೋಡಿ, "ಸೆಲ್ಫ್ ಹೋಗೈತೆ ಸಾರ್" ಎಂದ. ಸೆಲ್ಫ್ ಎಂದರೆ ಕೀ ತಿರುಗಿಸಿದಾಗ ಎಂಜಿನ್ನನ್ನು ಎಬ್ಬಿಸುವ ಮೋಟಾರು. ಅದನ್ನು ಬಿಚ್ಚಿ ಬ್ರಷ್ ಹಾಕಿದ, ವಾರ ಬಂತು. ಇನ್ನೊಮ್ಮೆ ಬಿಚ್ಚಿ ಕಾಯಿಲ್ ಸುತ್ತಿದ, ಹತ್ತು ದಿನ ಬಂತು. ಮೂರನೆಯ ಸಲ ಕೈ ಒರೆಸಿಕೊಳ್ಳುತ್ತ, "ಇದನ್ನ ಬಿಸಾಕಿ ಹೊಸಾದೇ ಹಾಕ್ಸಿಬಿಡ್ರಿ. ಸುಮ್ನೆ ನಿಮಗೂ ತಾಪತ್ರಯ, ನಂಗೂ ತಾಪತ್ರಯ" ಎಂದ. ಈ ಗಾಡಿಯ ವಿಷಯದಲ್ಲಿ ಬಾಯಿ ಹಾಕಿದ ಎಲ್ಲರ ಪೈಕಿ ಸರಿಯಾದ ಮಾತು ಹೇಳಿದವರು ಇಬ್ಬರೇ, ಅವನು ಮತ್ತು ನನ್ನ ಹೆಂಡತಿ. ಇಬ್ಬರ ಮಾತನ್ನೂ ನಾನು ಕೇಳಲಿಲ್ಲ. ಹೊಸ ಸೆಲ್ಫ್ ಹಾಕಿಸಿದರೆ ಟೋಪಿ ಹಾಕಿಸಿಕೊಂಡೆ ಎಂದು ಹೆಂಡತಿಯ ಮುಂದೆ ಸಹಿ ಮಾಡಿಕೊಟ್ಟಂತೆ. ಅದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ.

ನಮ್ಮ ಬೀದಿ ಕೋಟೆ ಕಡೆಯಿಂದ ಕೆಳಕ್ಕೆ ಇಳಿಯುತ್ತದೆ. ಹ್ಯಾಂಡ್ ಬ್ರೇಕ್ ಬಿಟ್ಟು, ಎರಡನೇ ಗೇರಿನಲ್ಲಿ ಉರುಳಿಸಿ, ಕ್ಲಚ್ ಬಿಟ್ಟರೆ ಗಾಡಿ ಒಮ್ಮೆ ಮುಗ್ಗರಿಸಿ ಸ್ಟಾರ್ಟ್ ಆಗುತ್ತಿತ್ತು. ಇದನ್ನು ಕಂಡುಕೊಂಡ ಮೇಲೆ ನನಗೆ ಸೆಲ್ಫ್ ಯಾಕೆ ಬೇಕು? ಇಳಿಜಾರು ಹುಡುಕುವುದು ನನಗೆ ಗೊತ್ತಿಲ್ಲದ ವಿದ್ಯೆಯೇ? ಅಲ್ಲಿಂದಾಚೆಗೆ ನಾವು ನೆಂಟಸ್ತಿಕೆಯನ್ನು ನೆಲದ ಮಟ್ಟ ನೋಡಿ ನಡೆಸಿದೆವು. ಭರಮಸಾಗರದ ನಾದಿನಿಯ ಮನೆಗೆ ಮೇಲಿಂದ ಮೇಲೆ ಹೋದೆವು. ಅಲ್ಲಿ ಕೆರೆ ಏರಿಯಿಂದ ಇಳಿಯುವ ಒಳ್ಳೆಯ ಜಾರು ಇದೆ. ಅವಳಿಗೂ ನಮ್ಮ ಈ ಅಕ್ಕರೆ ಎಲ್ಲಿಂದ ಉಕ್ಕಿತೆಂದು ತಿಳಿಯದೆ ಗಾಬರಿಯಾಗಿರಬೇಕು. ಬಾಗೂರಿನಲ್ಲಿ ಮುಖಪರಿಚಯ ಮಾತ್ರ ಇದ್ದವನೊಬ್ಬನ ಮಗಳ ಮದುವೆಗೆ ಹೋಗಿ ಉಂಡು ಬಂದೆವು, ಛತ್ರದ ಮುಂದಿನ ರಸ್ತೆ ಇಳಿದಿತ್ತು. ಹೊಸದುರ್ಗದಲ್ಲಿ ಹೆಂಡತಿಯ ಸ್ವಂತ ಚಿಕ್ಕಪ್ಪನ ಗೃಹಪ್ರವೇಶಕ್ಕೆ ಹೋಗಲಿಲ್ಲ. ಆ ಮನುಷ್ಯ ಸಮತಟ್ಟಾದ ಸೈಟು ಕೊಂಡಿದ್ದ.

ನಾಚಿಕೆಯಾಗಬೇಕಿತ್ತು. ನನಗೆ ಹೆಮ್ಮೆಯಾಗುತ್ತಿತ್ತು.

ಇನ್ನು ಹಿರಿಯೂರು. ಯಾವ ಮನೆಗಾಗಿ ಗಾಡಿ ಕೊಂಡೆನೋ ಆ ಮನೆಗೆ ಹೋದದ್ದು ಒಂದೇ ಸಲ, ಕೊಂಡ ಹೊಸತರಲ್ಲಿ. ಸೆಲ್ಫ್ ರಿಪೇರಿಯಾಗಿ ವಾರವಾಗಿತ್ತಷ್ಟೆ. ಅಕ್ಕ ಬೆಳಿಗ್ಗೆಯೇ ಸೀರೆ ಉಟ್ಟು, ಚೀಲ ಕಟ್ಟಿಕೊಂಡು ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಊಟ ಮುಗಿಸಿ, ಅವಳನ್ನು ಹತ್ತಿಸಿ ಕೀ ತಿರುಗಿಸಿದರೆ, ಟಕ್. ಅವಳ ಬಡಾವಣೆ ಎತ್ತ ನೋಡಿದರೂ ಒಂದೇ ಮಟ್ಟ. ಅಕ್ಕನನ್ನು ಇಳಿಸಿದೆವು. ಎಪ್ಪತ್ತು ದಾಟಿದ ಭಾವ ಪಂಚೆ ಎತ್ತಿ ಕಟ್ಟಿ ಹಿಂದಿನಿಂದ ತಳ್ಳಿದ. ನೆರೆಮನೆಯ ಇಬ್ಬರು ಬಂದು ಸೇರಿದರು. ನಾನು ಒಳಗೆ ಕೂತು, ಜೋರಾಗಿ ತಳ್ಳಲು ಬರುವುದಿಲ್ಲವೇ ಎಂದು ಅವರನ್ನೇ ಗದರಿಸಿದೆ. ಬೀದಿಯ ಕೊನೆಯಲ್ಲಿ ಭಾವ ಮುಗ್ಗರಿಸಿ ಬಿದ್ದ. ಮೊಣಕೈ ತರಚಿ ರಕ್ತ ಬಂತು. ಗಾಡಿ ಸ್ಟಾರ್ಟ್ ಆಯಿತು. ಆದರೆ ಅಕ್ಕ, "ಇವ್ರಿಗೆ ಪೆಟ್ಟಾಗೈತೆ, ಇವ್ರನ್ನ ಬಿಟ್ಟು ನಾನೆಂಗೆ ಬರ್ಲಿ. ನೀವು ನಡೀರಪ್ಪ, ಮತ್ತೆ ಆಫ್ ಆದೀತು" ಎಂದು ಚೀಲ ಹಿಡಿದು ಒಳಗೆ ಹೋದಳು.

ಅಲ್ಲಿಂದ ನನ್ನ ನೆಪಗಳು ಶುರುವಾದವು. ಈ ವಾರ ಜ್ವರ, ಮುಂದಿನ ವಾರ ಯಾರದೋ ಜಮೀನಿನ ತಕರಾರು. ಅಕ್ಕ ಯಾವುದನ್ನೂ ಪ್ರಶ್ನಿಸುತ್ತಿರಲಿಲ್ಲ. ಹೀಗೆ ನಾಲ್ಕು ತಿಂಗಳು. ಒಂದು ದಿನ ಫೋನಿನಲ್ಲಿ, "ಗಾಡಿ ಹೆಂಗೈತಪ್ಪ?" ಎಂದು ಕೇಳಿದಳು. ನಾನು ಇಳಿಜಾರಿನ ನನ್ನ ಜಾಣತನವನ್ನು ಬಣ್ಣಿಸಿ, "ನಿಮ್ಮ ಬಡಾವಣೆ ನೋಡಿದ್ರೆ ನೀರು ಚೆಲ್ಲಿದ್ರೂ ಅಲ್ಲೇ ನಿಲ್ತೈತೆ. ಅಲ್ಲಿ ನನ್ನ ಗಾಡಿ ಏಳಲ್ಲಕ್ಕ" ಎಂದು ನಕ್ಕೆ.

"ಎಷ್ಟು ಎತ್ತರ ಇದ್ರೆ ಏಳ್ತೈತಪ್ಪ?"

"ಒಬ್ಬ ಮನುಷ್ಯನ ಸೊಂಟದಷ್ಟು ಇದ್ರೂ ಸಾಕು. ನಿಮಗೆ ಅದೂ ಇಲ್ವಲ್ಲ."

ಮುದುಕಿಗೆ ಹೊತ್ತು ಹೋಗದೆ ಏನೋ ಕೇಳುತ್ತಾಳೆ ಎಂದುಕೊಂಡೆ. ಆ ಮಾತನ್ನು ನಾನು ಅಲ್ಲೇ ಮರೆತೆ.

ಅದಾದ ಮೇಲೆ ಒಂದು ದಿನ, ಗಡಿಕಲ್ಲಿನ ಜಗಳವೊಂದನ್ನು ನೋಡಿಕೊಡಲು ಹಿರಿಯೂರಿನವರೊಬ್ಬರು ಕರೆಸಿದರು. ಬಸ್ಸಿನಲ್ಲಿ ಹೋದೆ. ಕೆಲಸ ಬೇಗ ಮುಗಿಯಿತು. ಅಷ್ಟು ದೂರ ಬಂದು ಅಕ್ಕನ ಮುಖ ನೋಡದೆ ಹೋದರೆ ಹೇಗೆಂದು ಅವಳ ಮನೆಗೆ ನಡೆದೆ. ಗೇಟು ತೆಗೆದವನು ಅಲ್ಲೇ ನಿಂತೆ. ಮನೆಯ ಪಕ್ಕದ ಖಾಲಿ ಜಾಗದಲ್ಲಿ ಅಕ್ಕ ಸಾಲಾಗಿ ಕನಕಾಂಬರ ಬೆಳೆಸಿದ್ದಳು. ಬೀದಿಯ ಹೆಂಗಸರೆಲ್ಲ ಅವಳ ಹೂವಿಗಾಗಿ ಬರುತ್ತಿದ್ದರು. ಈಗ ಒಂದು ಗಿಡವೂ ಇರಲಿಲ್ಲ. ಹಿಂದಿನ ಗೋಡೆಯ ಕಡೆಯಿಂದ ಗೇಟಿನವರೆಗೆ ಇಳಿದುಬರುವ ಕೆಂಪು ಗರಸು ಮಣ್ಣಿನ ಒಂದು ಏರಿ ಎದ್ದಿತ್ತು. ಎರಡೂ ಬದಿಗೆ ಕಲ್ಲು ಜೋಡಿಸಿದ್ದರು, ದಿಮ್ಮಸು ಹಾಕಿ ಗಟ್ಟಿ ಮಾಡಿದ್ದರು.

ನನ್ನ ನಾಲಿಗೆ ಗೊತ್ತಲ್ಲ. ಚಪ್ಪಲಿ ಬಿಡುವ ಮೊದಲೇ, "ಇದೇನಕ್ಕ ಇದು? ಯಾವ ಮುಠ್ಠಾಳ ತಂದು ಸುರಿದ ಇಲ್ಲಿ?" ಎಂದೆ.

ಅಕ್ಕ ಕುರ್ಚಿಯಿಂದಲೇ ನಕ್ಕಳು. "ನಾನೇ ಹಾಕ್ಸಿದ್ದು ಕಣಪ್ಪ. ನೀನೇ ಅಂದ್ಯಲ್ಲ ಸೊಂಟದಷ್ಟು ಇದ್ರೆ ಸಾಕು ಅಂತ. ಯಾರ ಸೊಂಟ ಅಂತ ನೀನು ಹೇಳ್ಲಿಲ್ಲ. ನಿಮ್ಮ ಭಾವನ ಸೊಂಟಕ್ಕೇ ಹಿಡಿದು ಹಾಕ್ಸೀವಿ."

ಭಾವ ಒಳಗಿನಿಂದ ಬಂದು ಆ ಏರಿಯ ಎತ್ತರದ ತುದಿಯ ಪಕ್ಕಕ್ಕೆ ನೆಲದ ಮೇಲೆ ನೆಟ್ಟಗೆ ನಿಂತು ತೋರಿಸಿದ. ಸರಿಯಾಗಿ ಸೊಂಟಕ್ಕೇ ಇತ್ತು. "ಹಿಂದಕ್ಕೆ ಹತ್ಸಿ ನಿಲ್ಸಪ್ಪ. ಮುಂದೆ ಗೇಟು, ಗೇಟಿನಾಚೆಗೆ ರಸ್ತೆ ನ್ಯಾರಕ್ಕೆ ಐತೆ, ಉಳ್ಳಿಸ್ಕಂಡು ಹೋಗಬಹುದು" ಎಂದ. ಅವನ ಮೊಣಕೈಯಲ್ಲಿ ಹಳೆಯ ಗಾಯದ ಕಲೆ ಕಾಣುತ್ತಿತ್ತು.

ನಾನು ನೆಲವನ್ನು ನೋಡಿದೆ. ಇಳಿಜಾರು ಮೇಲೆ ಸ್ವಲ್ಪ ಹೆಚ್ಚು, ಕೆಳಗೆ ಸ್ವಲ್ಪ ಕಡಿಮೆ, ಒಂದು ಕಡೆ ಮಳೆನೀರು ಕೊರೆಯುವ ಹಾಗಿತ್ತು. ಹೇಳಲು ನನ್ನ ಹತ್ತಿರ ಹತ್ತು ತಪ್ಪುಗಳಿದ್ದವು. ಒಂದನ್ನೂ ಹೇಳಲಿಲ್ಲ. ಎಲ್ಲರನ್ನೂ ಕೀಳಾಗಿ ಕಂಡುಕೊಂಡು ಬಂದ ನನಗೆ ಅವತ್ತು ನನ್ನಷ್ಟು ಕೀಳಾದವನು ಇನ್ನೊಬ್ಬ ಕಾಣಲಿಲ್ಲ. ಮಂಡಿ ಹೋದ ಹೆಂಗಸು, ಹೂವಿನ ಗಿಡ ಕಿತ್ತು, ತಮ್ಮನ ದರಿದ್ರ ಗಾಡಿಗೆ ಬೆಟ್ಟ ಕಟ್ಟಿಸಿದ್ದಳು. ಆ ತಮ್ಮನಿಗೆ ಒಂದು ಸೆಲ್ಫ್ ಹಾಕಿಸಲು ಮನಸ್ಸು ಬಂದಿರಲಿಲ್ಲ.

ಅಕ್ಕ ಕೊಟ್ಟ ಕಾಫಿ ಕುಡಿದೆ. "ಭಾನುವಾರ ಬರ್ತೀನಕ್ಕ, ಗಾಡಿ ತಗಂಡು" ಎಂದು ಹೇಳಿ ಎದ್ದೆ.

ಮಾರನೆಯ ದಿನವೇ ಮೆಕ್ಯಾನಿಕ್ ಹತ್ತಿರ ಹೋಗಿ ಹೊಸ ಸೆಲ್ಫ್ ಹಾಕಿಸಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಮನೆಗೆ ಬಂದು ಹೆಂಡತಿಗೆ, "ಅವತ್ತು ಹೊಳಲ್ಕೆರೇಲಿ ನೀನು ಹೇಳಿದ್ದು ಸರಿ ಇತ್ತು" ಎಂದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸದೆ, "ಗೊತ್ತು" ಎಂದಳು.

ಭಾನುವಾರ ಇಬ್ಬರೂ ಹಿರಿಯೂರಿಗೆ ಹೋದೆವು. ಗೇಟಿನಿಂದ ಹಿಂದಕ್ಕೆ ಹತ್ತಿಸಿ, ಗಾಡಿಯನ್ನು ಅಕ್ಕನ ಏರಿಯ ತುದಿಯಲ್ಲಿ ನಿಲ್ಲಿಸಿ ಆಫ್ ಮಾಡಿದೆ. ಊಟವಾಯಿತು. ನಾನೂ ಹೆಂಡತಿಯೂ ಸೇರಿ ಬಾಗಿಲನ್ನು ಎಳೆದು ತೆಗೆದೆವು. ತಾನು ಹಾಕಿಸಿದ ಏರಿಯ ಮೇಲಿಂದಲೇ ಉರುಳಿ ಹೊರಡಬೇಕೆಂದು ಅಕ್ಕನ ಹಟ. ಭಾವನ ತೋಳು ಹಿಡಿದು, ಅರ್ಧ ಗಂಟೆ ತೆಗೆದುಕೊಂಡು ಹತ್ತಿ ಬಂದಳು. ಬೆನ್ನು ಒಳಗೆ ಮಾಡಿ ಕೂತಳು, ಕಾಲನ್ನು ಒಂದೊಂದಾಗಿ ಒಳಗೆ ಎಳೆದುಕೊಂಡಳು. ಭಾವ ಹಿಂದೆ ಹೋಗಿ, ಬೇಕಾದರೆ ತಳ್ಳೋಣವೆಂದು ಪಂಚೆ ಎತ್ತಿ ಕಟ್ಟಿ ನಿಂತ. ಉರುಳಿದ ಮೇಲೆ ಬೀದಿ ಕೊನೆಯಲ್ಲಿ ಅವನನ್ನೂ ಹತ್ತಿಸಿಕೊಳ್ಳುವುದೆಂದು ಮಾತಾಗಿತ್ತು.

ಕೀ ಹಾಕಿದೆ. ಮೀಟರಿನ ದೀಪಗಳು ಹತ್ತಿಕೊಂಡವು. ಇನ್ನೊಂದು ಚೂರು ತಿರುಗಿಸಿದ್ದರೆ ಗಾಡಿ ಅಲ್ಲೇ ಎದ್ದುಬಿಡುತ್ತಿತ್ತು. ಪಕ್ಕದ ಸೀಟಿನಿಂದ ಹೆಂಡತಿ ನನ್ನ ಕೈಯನ್ನೇ ನೋಡುತ್ತಿದ್ದಳು.

ನಾನು ಕೀಯಿಂದ ಕೈ ತೆಗೆದೆ. ಎರಡನೇ ಗೇರು ಹಾಕಿ, ಕ್ಲಚ್ ಒತ್ತಿ, ಹ್ಯಾಂಡ್ ಬ್ರೇಕ್ ಬಿಟ್ಟೆ. ಗಾಡಿ ಸದ್ದಿಲ್ಲದೆ ಕೆಳಕ್ಕೆ ಉರುಳಿತು. ಗೇಟು ದಾಟಿದಾಗ ಕ್ಲಚ್ ಬಿಟ್ಟೆ. ಒಮ್ಮೆ ಮುಗ್ಗರಿಸಿ, ಗುರ್ ಎಂದು ಎದ್ದಿತು.

ಅಕ್ಕ ಹಿಂದಿನಿಂದ ನನ್ನ ಭುಜಕ್ಕೆ ಹೊಡೆದಳು. "ನೋಡಿದ್ಯೇನಪ್ಪ, ಹೆಂಗೆ ಎದ್ದು ಹೊಂಟ್ತು! ನಮ್ಮ ಕೋಟೆ ಬೀದಿ ಇಳಿಜಾರಿಗಿಂತ ಇದು ಚೆನ್ನಾಗೈತೋ ಇಲ್ವೋ, ನೀನೇ ಹೇಳು. ನೀನು ಅಳೆದೋನು."

"ಅದಕ್ಕಿಂತ ಚೆನ್ನಾಗೈತಕ್ಕ" ಎಂದೆ.

ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಹೊಸ ಸೆಲ್ಫಿನ ವಿಷಯ ಅಕ್ಕನಿಗೆ ಇವತ್ತಿಗೂ ನಾವಿಬ್ಬರೂ ಹೇಳಿಲ್ಲ.