ಲಾರಿಯಲ್ಲ, ಲಾಳಿ

ಮೊಮ್ಮಕ್ಕಳೇ, ನರಗುಂದದ ಸಭೆಯ ವಿಡಿಯೋ ನಿಮ್ಮ ಫೋನಿಗೂ ಬಂದಿತು. ಅದರಲ್ಲಿ ನಾನು ಸೆರಗು ಬಾಯಿಗೆ ಹಿಡಿದು ನಿಂತಿದ್ದೇನೆ, ಸುತ್ತ ಗಂಡಸರು ನಗುತ್ತಿದ್ದಾರೆ. ಅಂದಿನಿಂದ ನೀವು ನನ್ನನ್ನು ‘ಲಾರಿ ಅಜ್ಜಿ’ ಎಂದು ಕರೆಯುತ್ತೀರಿ. ಕರೆಯಿರಿ, ನನಗೆ ಸಿಟ್ಟಿಲ್ಲ. ಆದರೆ ನಾನು ಕೇಳಿದ್ದು ಲಾರಿಯ ಹಾಡಲ್ಲ. ಬಾಯಿಂದ ಹೇಳಲು ಹೋದರೆ ನನಗೆ ನಡುವೆ ಮಾತು ನಿಂತುಬಿಡುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಆ ಸಭೆಯಲ್ಲಿ ಸನ್ಮಾನ ಮಾಡಿಸಿಕೊಂಡ ಹಾಡುಗಾರರ ಟೆಂಪೋ ಹಾಡು ನಿಮಗೆ ಗೊತ್ತು. ಗಣಪತಿ ಕಳಿಸುವ ದಿನ ನೀವೂ ಅದಕ್ಕೆ ಕುಣಿದಿದ್ದೀರಿ. ಗಜೇಂದ್ರಗಡದ ನೇಕಾರರ ಮನೆಯ ಮಗ ಅವರು. ಕರೆಂಟಿನ ಗಿಟಾರು ಕೊರಳಿಗೆ ಹಾಕಿಕೊಂಡು, ಕೂದಲು ಹೆಗಲಿಗೆ ಬಿಟ್ಟು, ನಮ್ಮ ಕಡೆಯ ಮಾತಿನಲ್ಲೇ ಕೂಗಿ ಹಾಡಿದವರನ್ನು ನಾವು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೂ ಅವರು ವರ್ಷಗಟ್ಟಲೆ ಹಾಡು ಕಟ್ಟಿದರು, ಕ್ಯಾಸೆಟ್ ಮಾಡಿದರು. ಜನ ಮಾತ್ರ ಟೆಂಪೋದಿಂದ ಇಳಿಯಲಿಲ್ಲ.

ನಿಮ್ಮ ಅಜ್ಜ ರೋಣದಲ್ಲಿ ಮದುವೆಗೂ ಬಸುರಿಯರ ಕುಬಸಕ್ಕೂ ಮೈಕ್‌ಸೆಟ್ ಬಾಡಿಗೆ ಕೊಡುತ್ತಿದ್ದರು. ಆ ಹಾಡುಗಾರರ ಹೊಸ ಕ್ಯಾಸೆಟ್ ಬಂದರೆ ಗಿರಾಕಿ ಕೇಳಲಿ ಬಿಡಲಿ ತರುತ್ತಿದ್ದರು. “ಇದನ್ನ ಮದಿವ್ಯಾಗ ಹಚ್ಚಿದ್ರ ಬೀಗರು ಎದ್ದು ಹೊಕ್ಕಾರ, ನೀನ ಕೇಳು” ಎಂದು ನನ್ನ ಮುಂದೆ ಇಡುತ್ತಿದ್ದರು. ಹಾಗೆ ಲಾಳಿಯ ಹಾಡು ನನ್ನ ಒಲೆಯ ಹತ್ತಿರ ಬಂತು. ಲಾಳಿ ಎಂದರೆ ಮಗ್ಗದಲ್ಲಿ ನೂಲು ಹೊತ್ತು ಆಚೆಯಿಂದ ಈಚೆಗೆ ಓಡುವ ಕಟ್ಟಿಗೆ; ನೀವು ನೋಡಿರಲಿಕ್ಕಿಲ್ಲ. ನಾನು ರೊಟ್ಟಿ ಬಡಿಯುವಾಗ ಅದನ್ನು ಹಚ್ಚಿಕೊಳ್ಳುತ್ತಿದ್ದೆ. ಗಿಟಾರು ಮಗ್ಗದ ಹಾಗೆ ಒಂದೇ ಸಮನೆ ಬಡಿಯುತ್ತಿತ್ತು, ಅದರ ಅಡಿಯಲ್ಲಿ ಅವರ ದನಿ. ಟೆಂಪೋ ಹಾಡಿನಲ್ಲಿ ಕೂಗುವ ಮನುಷ್ಯ ಇವರೇನಾ ಅನ್ನಿಸುತ್ತಿತ್ತು. ಕೂಗುವುದನ್ನು ಬಿಟ್ಟ ಮೇಲೆ ಅವರು ಏನೆಲ್ಲ ಮಾಡಬಲ್ಲರು ಎಂದು ಯಾರೂ ಕೇಳಲೇ ಇಲ್ಲ.

‘ಹೋದ ಲಾಳಿ ಬರಲಿಲ್ಲವ್ವಾ, ಕೈ ಹಂಗ ಚಾಚಿ ಕುಂತಿ.’ ಹೀಗೆ ಶುರುವಾಗುತ್ತದೆ ಆ ಹಾಡಿನ ಮೊದಲ ನುಡಿ. ಎರಡನೆಯ ನುಡಿಯಲ್ಲಿ ಮಗ ತಾಯಿಯನ್ನು ಊಟಕ್ಕೆ ಏಳು ಎನ್ನುತ್ತಾನೆ, ಅವಳು ಏಳುವುದಿಲ್ಲ. ಲಾಳಿ ಎಲ್ಲಿ ಹೋಯಿತು ಎಂದು ತಿಳಿಯುವುದು ಮೂರನೆಯ ನುಡಿಯಲ್ಲಿ. ರೊಟ್ಟಿ ಬಡಿಯುವ ಸದ್ದಿನಲ್ಲಿ ಅದು ನನ್ನ ಕಿವಿಯಲ್ಲಿ ಗಟ್ಟಿಯಾಗಿ ಕೂಡುವ ಮೊದಲೇ ಒಂದು ದಿನ ಟೇಪು ಯಂತ್ರದೊಳಗೆ ಸುತ್ತಿಕೊಂಡು ಚೂರಾಯಿತು. ನಿಮ್ಮ ಅಜ್ಜ ಕೆಟ್ಟಷ್ಟು ಕತ್ತರಿಸಿ ಉಳಿದದ್ದನ್ನು ಅಂಟಿಸಿದರು. ಮೂರನೆಯ ನುಡಿ ಹೋಯಿತು. ಇನ್ನೊಂದು ಕ್ಯಾಸೆಟ್ ಹುಡುಕಿದರೆ, ಅಂಗಡಿಯವರು ಅದನ್ನು ತರಿಸುವುದನ್ನೇ ಬಿಟ್ಟಿದ್ದರು.

ಒಮ್ಮೆ ಆ ಹಾಡುಗಾರರ ಕಾರ್ಯಕ್ರಮ ರೋಣದಲ್ಲೇ ಆಯಿತು. ಮೈಕು ನಿಮ್ಮ ಅಜ್ಜನದು, ನಾನು ಹೆಂಗಸರ ಕಡೆ ಕುಳಿತಿದ್ದೆ. ಟೆಂಪೋ ಹಾಡು ಮುಗಿಸಿ ಅವರು ಲಾಳಿ ಶುರು ಮಾಡಿದರು. ನಾನು ಮುಂದೆ ಸರಿದು ಕುಳಿತೆ. ಇನ್ನು ಸ್ವಲ್ಪ ಹೊತ್ತಿಗೆ ಮೂರನೆಯ ನುಡಿ ಬರುತ್ತದೆ. ಮೊದಲ ನುಡಿಯೂ ಮುಗಿದಿರಲಿಲ್ಲ, ಹಿಂದಿನಿಂದ ಕೂಗು ಎದ್ದಿತು.

“ಏ, ಇದೇನ್ ಅಳೂದು ಹಚ್ಚೀಯೋ! ಟೆಂಪೋ ಒನ್ಸ್ ಮೋರ್!”

ನಮ್ಮ ಕಡೆ ನಾಟಕದ ಕಾಲದಿಂದ ಹೀಗೆಯೇ. ಒನ್ಸ್ ಮೋರ್ ಎಂದರೆ ಮರ್ಯಾದೆ, ಕಲಾವಿದರು ಇಲ್ಲ ಅನ್ನುವ ಹಾಗಿಲ್ಲ. ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಿ ಸಾಯಬೇಕು. ಅವರು ಗಿಟಾರಿನ ತಂತಿಗಳ ಮೇಲೆ ಅಂಗೈ ಇಟ್ಟು ಲಾಳಿಯನ್ನು ನಿಲ್ಲಿಸಿದರು, ಟೆಂಪೋ ಹತ್ತಿದರು. ಹೆಂಗಸರ ಕಡೆಯಿಂದ ಯಾರೂ ಕೂಗುವ ರೂಢಿ ಇರಲಿಲ್ಲ. ಇದ್ದಿದ್ದರೂ ನನ್ನ ದನಿ ಪಕ್ಕದವಳಿಗೂ ಕೇಳುತ್ತಿರಲಿಲ್ಲ. ಮನೆಗೆ ಬರುವಾಗ ನಿಮ್ಮ ಅಜ್ಜ, “ಆ ಟೆಂಪೋ ಅವನ್ನ ಹತ್ತಿಸಿಕೊಂಡು ಹೋತು ನೋಡು, ಎಲ್ಲೂ ಇಳಸವಲ್ದು” ಅಂದರು.

ಈಗ ಅಜ್ಜನೂ ಇಲ್ಲ. ಆ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ತಿರುಗುವುದೇ ಇಲ್ಲ. ನಿಮ್ಮವ್ವ ಫೋನಿನಲ್ಲಿ ಹುಡುಕಿ ಹುಡುಕಿ ಸೋತಳು, ಎಲ್ಲಿ ಒತ್ತಿದರೂ ಟೆಂಪೋ. ಅಷ್ಟರಲ್ಲಿ ಅಭಿಮಾನಿಗಳು ನರಗುಂದದ ಮಂಗಲ ಕಾರ್ಯಾಲಯದಲ್ಲಿ ಅವರಿಗೆ ಸನ್ಮಾನ ಇಟ್ಟಿದ್ದಾರೆಂದು ತಿಳಿಯಿತು. ಬರೆದವರನ್ನೇ ಕೇಳಿದರೆ ಆಯಿತಲ್ಲ ಎಂದು ನಿಮ್ಮವ್ವನ ಕೈ ಹಿಡಿದು ಹೊರಟೆ.

ಅಲ್ಲಿ ಕೂದಲಿಗೆ ಬಣ್ಣ ಹಚ್ಚಿದ ಗಂಡಸರೇ ತುಂಬಿದ್ದರು.

“ಆ ಹಾಡಿಗೆ ಕುಣದು ಹೊಸಾ ಪ್ಯಾಂಟ್ ಹರಕೊಂಡಿದ್ನಲೇ.”

“ಈಗ ಕುಣದ್ರ ಪ್ಯಾಂಟ್ ಅಲ್ಲ, ಮೊಣಕಾಲ ಹೊಕ್ಕಾವ.”

ಮೈಕು ಹಿಡಿದಿದ್ದವನು ಒಬ್ಬೊಬ್ಬರ ಹತ್ತಿರವೂ ಬಂದು ಇಷ್ಟದ ಹಾಡು ಕೇಳುತ್ತಿದ್ದ. “ಯಮ್ಮಾ, ನೀವೂ ಅಣ್ಣಾರ ಅಭಿಮಾನಿ ಏನ್ರಿ? ಯಾವ ಹಾಡ್ರಿ?” ಎಂದ. ಇಷ್ಟು ವರ್ಷ ಒಳಗೆ ಇಟ್ಟುಕೊಂಡದ್ದು ಒಂದೇ ಮಾತಾಗಿ ಬಂತು: “ಲಾಳಿ ಹಾಡ್ರಿ.”

“ಲಾರಿ? ಯಮ್ಮಾ, ಅದು ಲಾರಿ ಅಲ್ರೀ, ಟೆಂಪೋ! ಕೇಳ್ರಪಾ, ಅಜ್ಜೀಗೆ ಲಾರೀನ ಬೇಕಂತ!”

ಸಭೆಯೆಲ್ಲ ನಕ್ಕಿತು. ನಿಮ್ಮವ್ವ “ಲಾಳಿ, ಲಾಳಿ” ಎಂದು ಕೂಗಿದಳು. ಒನ್ಸ್ ಮೋರ್ ಸದ್ದಿನಲ್ಲಿ ಅದು ಯಾರಿಗೂ ಮುಟ್ಟಲಿಲ್ಲ. ಕುರ್ಚಿಯಲ್ಲಿದ್ದ ಹಾಡುಗಾರರು ತಲೆ ಎತ್ತಿ ಟೆಂಪೋ ಹಾಡಿದರು. ಒಂದು ಮಾತೂ ತಪ್ಪಲಿಲ್ಲ. ಈ ಸಲ ಅದನ್ನು ಹಾಡಿಸಿದವಳು ನಾನೇ.

ಹಾರ ಹಾಕುವ ಗದ್ದಲದಲ್ಲಿ ನಿಮ್ಮವ್ವ ನನ್ನನ್ನು ಅವರ ಹತ್ತಿರ ಕರೆದುಕೊಂಡು ಹೋದಳು. ಪಕ್ಕದಲ್ಲಿ ಕುಳಿತಿದ್ದ ಅವರ ಹೆಂಡತಿಗೆ ಬಂದ ಕೆಲಸ ಹೇಳಿದಳು. ಆಕೆ ನನ್ನ ಕೈ ಹಿಡಿದು, “ಯಕ್ಕಾ, ಹ್ಯಾಂಗ ಹೇಳ್ಲಿ. ಲಕ್ವಾ ಹೊಡದಮ್ಯಾಲೆ ಉಂಡದ್ದೂ ನೆನಪಿರೂದಿಲ್ಲ ಇವರಿಗೆ. ಆ ಟೆಂಪೋ ಒಂದ ಉಳದೈತಿ” ಎಂದರು. “ಬರದಿಟ್ಟಿಲ್ಲೇನ್ರಿ?” ಎಂದು ನಿಮ್ಮವ್ವ ಕೇಳಿದಳು. “ಎಂದೂ ಬರೀಲಿಲ್ಲವಾ. ಎಲ್ಲಾ ಬಾಯಾಗ ಇರತಿತ್ತು.”

ನಾನು ಬಗ್ಗಿ ಅವರ ಕಿವಿಯ ಹತ್ತಿರ ಮೊದಲ ನುಡಿ ಹೇಳಿದೆ. ಹಾಡಲಿಲ್ಲ, ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಎರಡನೆಯದನ್ನೂ ಹೇಳಿದೆ. ಅವರ ಬೆರಳು ಕುರ್ಚಿಯ ಕೈ ಮೇಲೆ ಮೆಲ್ಲಗೆ ಬಡಿಯತೊಡಗಿತು.

“ಭಾಳ ಚಲೋ ಐತ್ರಿ. ಯಾರು ಕಟ್ಟ್ಯಾರ?”

“ನೀವ ರೀ” ಎಂದೆ.

ಅವರು ನಕ್ಕರು, ತಮಾಷೆ ಎಂದುಕೊಂಡಿರಬೇಕು. ಆಮೇಲೆ ನನ್ನ ಮುಖವನ್ನೇ ನೋಡುತ್ತ, “ಮುಂದ? ಆ ಲಾಳಿ ಎಲ್ಲಿ ಹೋತ್ರಿ?” ಎಂದು ಕೇಳಿದರು.

ಅವರು ಕಾಯುತ್ತಿದ್ದರು, ಬೆರಳು ಇನ್ನೂ ಬಡಿಯುತ್ತಿತ್ತು. ಅಷ್ಟರಲ್ಲಿ ಫೋಟೋ ತೆಗೆಯುವವರು ಬಂದು, ಸರೀರಿ ಯಮ್ಮಾ ಎಂದು ನನ್ನನ್ನು ಬದಿಗೆ ನಿಲ್ಲಿಸಿದರು.